ಹವಾಲ್ದಾರನ ಪಟ್ಟಾ

ಕುಣಿಗೆ ಇಳಿಸುತ್ತಿದ್ದಂತೆ ಕಲ್ಯಾಣಪ್ಪ ಗೌಡರ ಹೊಟ್ಟೆಗೆ ಬಿಗಿದಿದ್ದ ಪಟ್ಟಾ ಕುಣಿಯ ಗೋಡೆಯ ಗೂಡಿನ ಅಂಚಿಗೆ ಸಿಕ್ಕಿಕೊಂಡಿತು. ಕುಳಿತ ಭಂಗಿಯ ಹೆಣ ಒಳಗೂ ಹೋಗದೆ ಹೊರಗೂ ಬಾರದೆ ನಿಂತಿತು.

"ತಡೀರಿ," ಎಂದರು ಕ್ರಿಯೆ ನಡೆಸುತ್ತಿದ್ದ ಸಾತಲಿಂಗಯ್ಯ. "ಅದೇನು, ತೊಗಲೇನು?"

ಮಗ ಶಾಂತಲಿಂಗಪ್ಪ ಎದೆ ಸೆಟೆಸಿದ. "ನಿಜಾಮನ ಹವಾಲ್ದಾರನ ಪಟ್ಟಾರಿ, ಅಯ್ಯಾರ. ಅಪ್ಪ ಗಡಿನಾಕಾ ಹೊಡದು ತಂದದ್ದು. ಸೊಲ್ಲಾಪುರದಾಗ ಪುಢಾರಿಗಳು ಇದಕ್ಕ ಹಾರ ಹಾಕ್ಯಾರ."

"ಹಾರ ಹಾಕಿದ್ರ ತೊಗಲು ತೊಗಲಲ್ಲೇನು? ಅಂಗೈಯಾಗ ಲಿಂಗ, ನಡಕ್ಕ ಚರ್ಮ! ತಗಸ್ರಿ ಮದಲ. ಮುಟ್ಟಿದಾವ ಮೈಲಿಗಿ, ಕ್ರಿಯಾ ಮತ್ತ ಮದಲಿಂದ."

ಎಂಟು ವರ್ಷ ಆ ಪಟ್ಟಾವನ್ನು ಕಣ್ಣಿಗೊತ್ತಿಕೊಂಡಿದ್ದ ಕೈಗಳಲ್ಲಿ ಒಂದೂ ಮುಂದೆ ಬರಲಿಲ್ಲ.

ಬೇಲಿಯಾಚೆ ಕೇರಿಯವರ ನಡುವೆ ಮಲಕಮ್ಮ ನಿಂತಿದ್ದಳು. ಬೆಳಿಗ್ಗೆ ಗೌಡರ ವಾಡೆಯ ಬಾಗಿಲಲ್ಲಿ ಅವಳು ಕೇಳಿದ್ದು ಆ ಪಟ್ಟಾವನ್ನೇ: "ನನ್ನ ಗಂಡ ಕಡೀಕ ಕೈಯಾಗ ಹಿಡದದ್ದರಿ. ಮಣ್ಣಾಗ ಹಾಕಬ್ಯಾಡ್ರಿ."

"ನಿನ್ನ ಗಂಡ ಫೌಜದಾರ ಇದ್ದನೇನು?" ಎಂದು ಶಾಂತಲಿಂಗಪ್ಪ ನಕ್ಕಿದ್ದ. ಸುತ್ತಲಿನವರೂ ನಕ್ಕಿದ್ದರು.

* * *

ನಲವತ್ತೆಂಟರ ಬೇಸಿಗೆ. ಅಕ್ಕಲಕೋಟದ ಗಡಿಯಾಚೆ ನಿಜಾಮನ ಪೊಲೀಸರ ಮೇಲೆ ಹೊಂಚುದಾಳಿಗಳು ನಡೆದೇ ಇದ್ದವು. ಆ ಮಧ್ಯಾಹ್ನ ನಾಕಾ ಹೊಡೆಯಲು ಹೊರಟವರು ಆರು ಮಂದಿ, ನಾಯಕ ಕಲ್ಯಾಣಪ್ಪ. ಗಡಿ ದಾಟಿದವರು ಐವರು. ನಾಯಕನಿಗೆ ಹೊಟ್ಟೆ ಕಡಿಯಿತು. ಆತ ಹಗೇವಿಗೆ, ಅಂದರೆ ನೆಲದೊಳಗಿನ ಜೋಳದ ಕಣಜಕ್ಕೆ, ಇಳಿದ. ಅಲ್ಲಿ ಕುಳಿತದ್ದು ಒಂದು ಹಗಲು ಎನ್ನುವವರಿದ್ದಾರೆ, ಮೂರು ದಿನ ಎನ್ನುವವರೂ ಇದ್ದಾರೆ. ಹಗೇವಿನ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ.

ಹವಾಲ್ದಾರನ ಪಟ್ಟಾ ಬಿಚ್ಚಿಕೊಂಡವನು ಮಲಕಮ್ಮನ ಗಂಡ ಅಂಬಾರಾಯ. ಹಿಂದಿರುಗುವಾಗ ಅವನ ಬೆನ್ನಿಗೆ ಗುಂಡು ಬಿತ್ತು. ಕೇರಿಯ ಸಂಗಾತಿ ಹುಲೆಪ್ಪ ಅವನ ಮುಷ್ಟಿ ಬಿಡಿಸಿ ಪಟ್ಟಾ ತಂದು, ಹಗೇವಿನ ಬಾಯಿಗೆ ಬಗ್ಗಿ ಕೂಗಿದ: "ಧಣ್ಯಾರ, ನಾಕಾ ಬಿತ್ರಿ. ಅಂಬಾರಾಯನೂ ಬಿದ್ದಾನ್ರಿ."

ಮೊದಲು ತಲೆಯ ಪಟಕಾ ಕಂಡಿತು, ಆಮೇಲೆ ಹೊಟ್ಟು ಮೆತ್ತಿದ ಮೀಸೆ. ಕಲ್ಯಾಣಪ್ಪ ಮೇಲೆ ಹತ್ತಿ ಬಂದ. ಪಟ್ಟಾವನ್ನು ನಡುವಿಗೆ ಹಿಡಿದು ನೋಡಿ, "ತೂತು ಸಾಲೂದಿಲ್ಲೋ. ಇನ್ನೊಂದು ಹೊಡಸು," ಎಂದ.

* * *

"ಹುಲೆಪ್ಪನ್ನ ಕರೀರಿ," ಎಂದ ಶಾಂತಲಿಂಗಪ್ಪ.

"ಅಂವಾ ಹೆಣಾ ಮುಟ್ಟೂ ಹಂಗಿಲ್ಲ," ಎಂದರು ಅಯ್ಯನವರು.

"ಬರೋಬರ್ ಅದರಿ," ಬೇಲಿಯಾಚೆಯಿಂದ ಹುಲೆಪ್ಪನ ದನಿ ಬಂತು. "ನೀವು ತೊಗಲು ಮುಟ್ಟೂ ಹಂಗಿಲ್ಲ, ನಾವು ಗೌಡರನ್ನ ಮುಟ್ಟೂ ಹಂಗಿಲ್ಲ. ಕುಂದರ್ಲಿ ಬಿಡ್ರಿ. ತೆಗ್ಗಿನ್ಯಾಗ ಕುಂತು ರೂಢಿ ಅದ ಅವರಿಗೆ."

ಯಾರೋ ಕೆಮ್ಮಿ ನಗು ನುಂಗಿದರು. ಹೆಣ ಹಿಡಿದವರ ತೋಳುಗಳು ಭಾರಕ್ಕೆ ಸೋಲತೊಡಗಿದವು. ಮಲಕಮ್ಮನ ಕೈಯಲ್ಲಿ ಆಡಿಗೆ ಸೊಪ್ಪು ಕೀಳುವ ಕೊಕ್ಕೆಕೋಲಿತ್ತು. ಅಯ್ಯನವರ ಕಣ್ಣು ಅದರ ಮೇಲೆ ಬಿತ್ತು.

"ಮಲಕವ್ವ, ದೂರಿಂದ ಕೊಕ್ಕಿ ಹಾಕಿ ಜಗ್ಗು."

"ಮಂದಿ ಸಾಮಾನ ನಾ ಹ್ಯಾಂಗ ಜಗ್ಗಲ್ರಿ? ಯಾರದದು?"

ಶಾಂತಲಿಂಗಪ್ಪ ನೆಲ ನೋಡಿದ. "ಅಂಬಾರಾಯಂದು."

"ಕೇಳಲಿಲ್ಲರಿ."

"ಅಂಬಾರಾಯಂದು! ತಗೊಂಡು ಹೋಗು ಮಾರಾಯ್ತಿ!"

ಅವಳು ಬೇಲಿ ದಾಟಿ ಬಂದು, ದೂರದಿಂದಲೇ ಕೊಕ್ಕೆ ಸಿಕ್ಕಿಸಿ ಜಗ್ಗಿದಳು. ಕಲ್ಯಾಣಪ್ಪ ಹೊಡೆಸಿದ ತೂತಿನಲ್ಲೇ ಪಟ್ಟಾ ಹರಿಯಿತು; ಹೆಣ ದೊಪ್ಪನೆ ಗೂಡಿನೊಳಗೆ ಕುಸಿಯಿತು.

ಹಿತ್ತಾಳೆಯ ಬಿಲ್ಲೆಯನ್ನು ಸೆರಗಿನಿಂದ ಒರೆಸಿ, ಮಲಕಮ್ಮ ಪಟ್ಟಾವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಸೊಲ್ಲಾಪುರದಿಂದ ಬಂದಿದ್ದ ಪುಢಾರಿಗಳು ಒಂದು ಕೈಯಲ್ಲಿ ಹೂಹಾರ ಮೇಲೆತ್ತಿ, ಇನ್ನೊಂದರಲ್ಲಿ ಧೋತರದ ಚುಂಗು ಸೋಕದಂತೆ ಎಳೆದುಕೊಂಡು, ಅವಳಿಗೆ ದಾರಿ ಬಿಟ್ಟರು.