ಸಾಹೇಬನ ಬಾಯಾರಿಕೆ

"ಇದಕ್ಕೆ ನೀರು ಕುಡಿಸಿದ್ದು ಯಾರು?"

ಮುಖ್ಯಸ್ಥರು ಮೆಲ್ಲಗೇ ಕೇಳಿದರು. ಸಮಿತಿಯವರು ಇನ್ನೂ ಮೆಟ್ಟಿಲಿಳಿಯುತ್ತಿದ್ದರು. ನಾನೇ ಎಂದಳು ಸಂಶೋಧಕಿ. ಕುರ್ಚಿಯಲ್ಲಿದ್ದ ಕೋತಿ ಇಬ್ಬರ ಮುಖವನ್ನೂ ನೋಡಿ ಆಕಳಿಸಿತು.

ಆ ಕುರ್ಚಿಯಲ್ಲಿ ಕೂರುವ ಗತ್ತಿಗೇ ಅದಕ್ಕೆ ಸಾಹೇಬ ಎಂದು ಹೆಸರು ಬಿದ್ದಿತ್ತು. ಮಿದುಳಿನೊಳಗೆ ಕೂದಲಿಗಿಂತ ಸಣ್ಣ ಸೂಜಿಗಳು, ನೆತ್ತಿಯಿಂದ ಹೊರಟ ತಂತಿ. ಚೆಂಡು ಹಿಡಿಯಬೇಕೆಂದು ಸಾಹೇಬ ಮನಸ್ಸು ಮಾಡಿದರೆ ಸಾಕು, ಎದುರಿನ ಯಂತ್ರದ ಕೈ ಎದ್ದು ಹಿಡಿಯುತ್ತದೆ. ಹಿಡಿದದ್ದಕ್ಕೆ ಬಾಯಿಯ ಕೊಳವೆಯಲ್ಲಿ ಒಂದು ಗುಟುಕು ಹಣ್ಣಿನ ರಸ. ಬಾಯಾರಿದ್ದರೆ ತಾನೇ ರಸಕ್ಕೆ ಬೆಲೆ? ಅದಕ್ಕೇ ದಿನವಿಡೀ ನೀರಿಲ್ಲ. ಕೆಲಸದಲ್ಲಿ ಸಿಕ್ಕಿದ್ದು ಸಾಲದಿದ್ದರೆ ಸಂಜೆ ಬಟ್ಟಲಿನಲ್ಲಿ ಕೊಡುವುದು ಪದ್ಧತಿ.

ನಿನ್ನೆ ಆ ಬಟ್ಟಲೂ ಬೇಡ ಎಂದಿದ್ದರು ಮುಖ್ಯಸ್ಥರು. ಮನುಷ್ಯರ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಸಮಿತಿ ಬೆಳಿಗ್ಗೆ ಬರುವುದಿತ್ತು, ಎಡವಟ್ಟಾಗಬಾರದು. ಮಿಕ್ಕ ದಿನಗಳಲ್ಲಿ ನಿಯಮ ನಿಯಮ ಎಂದು ಎಲ್ಲರ ತಲೆ ತಿನ್ನುವ ಮನುಷ್ಯ! ಅವಳು ಹಲ್ಲು ಕಚ್ಚಿಕೊಂಡು ಮನೆಗೆ ಹೋಗಿದ್ದಳು. ಬೆಳಿಗ್ಗೆ ಬಂದು ನೋಡಿದರೆ, ಆಗತಾನೇ ತೊಳೆದ ಪಂಜರದ ಸರಳುಗಳನ್ನು ಸಾಹೇಬ ಒಂದೊಂದಾಗಿ ನೆಕ್ಕುತ್ತಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬಟ್ಟಲು ತುಂಬಿಸಿ ಇಟ್ಟಳು. ಖಾಲಿಯಾದ ಹಾಗೆಲ್ಲ ಮತ್ತೆ ತುಂಬಿಸಿದಳು.

ಕುಡಿದರೂ ಸಾಹೇಬ ಮಾನ ಕಳೆಯುವುದಿಲ್ಲ ಎಂದೇ ಅವಳ ನಂಬಿಕೆ. ಯಂತ್ರದ ಕೈ ಎಂದರೆ ಅದಕ್ಕೆ ಪ್ರಾಣ, ರಸಕ್ಕಲ್ಲ, ಖುಷಿಗೇ ಆಡಿಸುತ್ತದೆ ಎಂದು ಮನೆಯಲ್ಲಿ ತಮ್ಮನಿಗೆ ಎಷ್ಟು ಸಲ ಹೇಳಿದ್ದಳೋ. ಆದರೆ ಸಮಿತಿಯವರು ಬಂದು ಎದುರು ಕೂತಾಗ ಸಾಹೇಬ ಚೆಂಡನ್ನು ನೋಡಿತು, ಅವರನ್ನು ನೋಡಿತು, ತೊಡೆ ಕೆರೆದುಕೊಂಡಿತು. ಯಂತ್ರದ ಕೈ ಮಿಸುಕಲಿಲ್ಲ. ಅವರು ಗಡಿಯಾರ ನೋಡಿಕೊಂಡರು, ಮುಂದಿನ ವರ್ಷ ನೋಡೋಣ ಎಂದು ಎದ್ದರು.

"ಒಂದು ರಾತ್ರಿ ಬಾಯಾರಿದ್ರೆ ಸತ್ತುಹೋಗ್ತಿತ್ತಾ?" ಮುಖ್ಯಸ್ಥರ ದನಿ ಈಗ ಏರಿತು. "ಮೊದಲು ಈ ಸೂಜಿ ಹಾಕಿಸ್ಕೋಬೇಕಾಗಿದ್ದೋನು ನಿಮ್ಮ ತಮ್ಮನೇ ಅಲ್ವೇನಮ್ಮಾ?"

"ಅವನ ಮಾತೆತ್ತಬೇಡಿ ಸರ್. ನಿಮಗೆ ಚಪ್ಪಾಳೆ ಬೇಕಿತ್ತು. ಅದಕ್ಕೆ ನೀರು ಬೇಕಿತ್ತು."

ಹೇಳಿ ಹೊರಗೆ ಬಂದಳು. ಬಸ್ಸಿನುದ್ದಕ್ಕೂ ಕೋಪ ಇಳಿಯಲಿಲ್ಲ. ಮುಖ್ಯಸ್ಥರ ಮೇಲೆ, ತನ್ನ ಮೇಲೆ, ಕೊನೆಗೆ ಆ ಸಾಹೇಬನ ಮೇಲೂ. ಒಂದೇ ಒಂದು ಸಲ ಕೈ ಎತ್ತಿದ್ದರೆ ಅದರ ಅಪ್ಪನ ಗಂಟೇನು ಹೋಗುತ್ತಿತ್ತು?

ತಮ್ಮ ಲೈನ್‌ಮನ್ ಆಗಿದ್ದವನು. ಕಂಬದಿಂದ ಬಿದ್ದ ಮೇಲೆ ಕುತ್ತಿಗೆಯಿಂದ ಕೆಳಗೆ ಸ್ವಾಧೀನವಿರಲಿಲ್ಲ. ಇವತ್ತು ಅಮ್ಮನಿಂದ ಗಡ್ಡ ತೆಗೆಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಸಿಕೊಂಡು ಕಾದಿದ್ದ. ಅವಳು ಏನನ್ನೂ ಮುಚ್ಚಿಡಲಿಲ್ಲ. ಕೇಳಿಸಿಕೊಳ್ಳುತ್ತ ಅವನ ಮುಖ ಕೆಂಪೇರಿತು.

"ಸರಳು ನೆಕ್ತಿತ್ತು ಕಣೋ," ಎಂದಳು. "ನೋಡೋಕಾಗ್ಲಿಲ್ಲ."

"ಅದು ಮಧ್ಯಾಹ್ನಕ್ಕೆ ಹೇಗೂ ಕುಡೀತಿತ್ತಲ್ಲ ಅಕ್ಕ. ನಾನು ಇನ್ನೆಷ್ಟು ವರ್ಷ ನಿನ್ನ ಕೈಲಿ ಕುಡೀಲಿ?"

"ಅದನ್ನ ನೀನು ನೋಡಿರಲಿಲ್ಲ."

"ನೀನು ನನ್ನ ದಿನಾ ನೋಡ್ತೀಯಲ್ಲ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಎದ್ದು ಅಡುಗೆಮನೆಗೆ ಹೋದಳು. ಫಲಿತಾಂಶದ ಯೋಚನೆಯಲ್ಲಿ ಅವನು ಬೆಳಿಗ್ಗೆಯಿಂದ ಏನೂ ಕುಡಿದಿಲ್ಲ ಎಂದು ಅಮ್ಮ ಅಲ್ಲಿ ಗೊಣಗುತ್ತಿದ್ದಳು. ಅಕ್ಕ ಲೋಟಕ್ಕೆ ನೀರು ತುಂಬಿ, ಸ್ಟ್ರಾ ಹಾಕಿ ತಂದು ಮಂಚದ ಅಂಚಿನಲ್ಲಿ ಕೂತಳು. ಸ್ಟ್ರಾವನ್ನು ಅವನ ಬಾಯಿಗೆ ಹಿಡಿದಳು.

ಅವನು ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡ. ಆಮೇಲೆ ಬಾಯಿ ಬಿಗಿದು, ಮುಖವನ್ನು ಗೋಡೆಯತ್ತ ತಿರುಗಿಸಿದ. ತಿರುಗಿಸಲು ಅವನಿಂದಾಗುತ್ತಿದ್ದುದು ಅದೊಂದೇ. ಹಿಡಿದ ಕೈ ಸೋಲುತ್ತ ಬಂದರೂ ಅವಳು ಲೋಟ ಇಳಿಸಲಿಲ್ಲ.