ಕಾಗೆ ಮುಟ್ಟದ ಫ್ರೈಡ್ ರೈಸ್

ಅಪೂರ್ವಾ ಸತ್ತ ಹನ್ನೊಂದನೆಯ ದಿನ, ಸೂರತ್‌ನ ತಾಪಿ ನದಿಯ ದಂಡೆಯಲ್ಲಿ ಪಿಂಡದ ಪಕ್ಕ ಒಂದು ಎಲೆ ಹಾಕಿ ಫ್ರೈಡ್ ರೈಸ್ ಬಡಿಸಿದ್ದರು. ಅದನ್ನು ಬಡಿಸಲು ಹೇಳಿದವಳು ನಾನೇ.

ನಾವಿಬ್ಬರೂ ವಡೋದರಾದ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿದ್ದೆವು. ಎರಡು ವರ್ಷ ಒಂದೇ ಫ್ಲ್ಯಾಟು, ಒಂದೇ ಒಲೆ. ನನ್ನ ಊರು ಬ್ರಹ್ಮಾವರ. ಅವಳ ತಾಯಿ ಗಿರಿಜಾ ಆಂಟಿ ಸೂರತ್‌ನ ಕತಾರ್‌ಗಾಮ್‌ನಲ್ಲಿ ಇಡ್ಲಿ-ದೋಸೆಯ ಹೋಟೆಲ್ ನಡೆಸುತ್ತಾರೆ. ತಾಯಿಯನ್ನು ನೋಡಲು ಹೊರಟಿದ್ದಾಗಲೇ, ಭರೂಚ್ ದಾಟಿದ ಮೇಲೆ, ಅವಳಿದ್ದ ಕಾರಿಗೆ ಲಾರಿ ಬಡಿಯಿತು.

"ಅವಳಿಗೆ ಎಂತ ಇಷ್ಟ ಇತ್ತು ಮಗಾ? ಊಟ ತಿಂಡಿ ಎಲ್ಲಾ ನಿನ್ನೊಟ್ಟಿಗೇ ಅಲ್ವಾ?" ಎಂದು ಆಂಟಿ ಕೇಳಿದ್ದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಥಾಯ್ ಫ್ರೈಡ್ ರೈಸ್ ಆಂಟಿ. ಪ್ರತಿ ಭಾನುವಾರ ಅದನ್ನೇ ತಿಂತಿದ್ವಿ."

ಸೂರತ್‌ನ ಯಾವುದೋ ಹೋಟೆಲಿನಿಂದ ಜೈನ್ ಫ್ರೈಡ್ ರೈಸ್ ತರಿಸಿದರು. ಈರುಳ್ಳಿ ಬೆಳ್ಳುಳ್ಳಿ ಇಲ್ಲವೆಂದ ಮೇಲೆ ಭಟ್ಟರೂ ಒಪ್ಪಿದರು. ಕಾಗೆಗಳು ಬಂದವು. ಒಂದು ಕಾಗೆ ಎಲೆಯ ಸುತ್ತ ನಡೆದು, ಕತ್ತು ಓರೆ ಮಾಡಿ ನೋಡಿ, ನನ್ನ ಕಡೆಗೂ ಒಮ್ಮೆ ನೋಡಿ ಹಾರಿಹೋಯಿತು. ಮತ್ತೆ ಯಾವುದೂ ಕೆಳಗಿಳಿಯಲಿಲ್ಲ.

"ಮನಸ್ಸಲ್ಲಿ ಏನೋ ಉಳಿಸಿಕೊಂಡಿದ್ದಾಳೆ. ನಡೆಸಿಕೊಡ್ತೇವೆ ಅಂತ ಮಾತು ಕೊಡಿ," ಎಂದರು ಭಟ್ಟರು.

ಆಂಟಿ ತೋಚಿದ್ದಕ್ಕೆಲ್ಲ ಮಾತು ಕೊಟ್ಟರು. ಅವಳ ತಮ್ಮನನ್ನು ಓದಿಸುತ್ತೇನೆ, ಅವಳ ಸ್ಕೂಟಿ ಮಾರುವುದಿಲ್ಲ, ಅಳುವುದಿಲ್ಲ. ಎರಡು ಗಂಟೆ ಕಾದೆವು. ಕೊನೆಗೆ ಭಟ್ಟರು ದರ್ಭೆಯಲ್ಲಿ ಕಾಗೆ ಮಾಡಿ ಅನ್ನಕ್ಕೆ ಮುಟ್ಟಿಸಿ, "ಆಯ್ತು, ಏಳಿ" ಎಂದುಬಿಟ್ಟರು.

ಹುಲ್ಲಿನ ಕಾಗೆ ಮುಟ್ಟಿದ ಅನ್ನ ಸತ್ತವರ ಹೊಟ್ಟೆಗೆ ಇಳಿಯುವುದಿಲ್ಲ ಎನ್ನುತ್ತಿದ್ದಳು ನನ್ನ ಅಜ್ಜಿ. ಅಂಥವರು ಹೊರಟಿರುತ್ತಾರೆ, ಮೊದಲ ತಿರುವಿನವರೆಗೂ ಹೋಗಿರುತ್ತಾರೆ. ಅಲ್ಲಿ ಹಸಿವಾಗಿ ಹಿಂದಿರುಗಿ, ಕೊನೆಯ ಬಾರಿ ಜೊತೆಗೆ ಉಂಡವರ ಮನೆ ಹುಡುಕುತ್ತಾರೆ. ಬಾಲ್ಯದಲ್ಲಿ ಅದನ್ನು ಕೇಳಿ ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಒಂದು ತಿಂಗಳ ನಂತರ, ಭಾನುವಾರ ಮಧ್ಯಾಹ್ನ, ನಾವು ಹೋಗುತ್ತಿದ್ದ ವಡೋದರಾದ ಅಲಕಾಪುರಿಯ ಥಾಯ್ ಹೋಟೆಲಿಗೆ ಒಬ್ಬಳೇ ಹೋದೆ. ಅಲ್ಲಿ ಆರ್ಡರ್ ತೆಗೆದುಕೊಳ್ಳುವ ವಾಮನಣ್ಣ ಕಾರ್ಕಳದವರು. ಗಿರಾಕಿಗಳ ಬಗ್ಗೆ ಅವರದ್ದು ಒಂದೇ ದೂರು: "ಹನ್ನೆರಡು ಪುಟದ ಮೆನು ಮಾರಾಯ್ರೆ. ಅಜ್ಜನಿಂದ ಮೊಮ್ಮಗನವರೆಗೆ ಎಲ್ರೂ ಓದ್ತಾರೆ, ಪರೀಕ್ಷೆಗೆ ಕೂತ ಹಾಗೆ. ಕಡೆಗೆ ಎಂತ? ಫ್ರೈಡ್ ರೈಸ್, ಸ್ವಲ್ಪ ಸಿಹಿ ಜಾಸ್ತಿ! ನೀವಾದ್ರೂ ಬೇರೆ ಕೇಳ್ತೀರಾ ಅಂದ್ರೆ ನೀವೂ ಅದೇ."

ಅಪೂರ್ವಾ ಆ ಮೆನುವಿನ ಮೇಲೆ ಬೆರಳು ಓಡಿಸುತ್ತ, "ಮೇದಿನಿ, ಇವತ್ತು…" ಎಂದು ಶುರು ಮಾಡುತ್ತಿದ್ದಳು. "ಮುಂದಿನ ವಾರ ಕಣೇ" ಎನ್ನುತ್ತಿದ್ದೆ ನಾನು. ಗೊತ್ತಿಲ್ಲದ ಹೆಸರಿನ ಊಟವೆಂದರೆ ನನಗೆ ಭಯ. ಅವಳು ನಕ್ಕು ಮೆನು ಮಡಚುತ್ತಿದ್ದಳು.

ಆ ದಿನ ಒಂದು ಫ್ರೈಡ್ ರೈಸ್ ಎಂದೆ. ಎರಡು ಪ್ಲೇಟುಗಳಲ್ಲಿ ಹಂಚಿ ತಂದರು.

"ವಾಮನಣ್ಣ, ನಾನು ಒಬ್ಳೇ ಅಲ್ವಾ?"

ಅವರು ಕೈಯಲ್ಲಿದ್ದ ಚೀಟಿ ನೋಡಿಕೊಂಡರು. "ಒನ್ ಬೈ ಟು ಅಂತ ಬರ್ಕೊಂಡಿದ್ದೇನೆ. ಹೇಳಿದ್ರಲ್ಲ… ನೀವೋ, ನಿಮ್ಮೊಟ್ಟಿಗಿದ್ದವರೋ."

ಹೇಳಿದ ಮೇಲೆ ಅವರೇ ಎದುರಿನ ಖಾಲಿ ಕುರ್ಚಿ ನೋಡಿ, ಚೀಟಿಯನ್ನು ಜೇಬಿಗೆ ತುರುಕಿದರು.

ಮುಂದಿನ ವಾರ ಬೇರೆ ವೇಟರ್, ನಾಗಾಲ್ಯಾಂಡಿನ ಹುಡುಗಿ. ಆಗಲೂ ಎರಡು ಪ್ಲೇಟು. ಅಹಮದಾಬಾದಿಗೆ ಮೀಟಿಂಗಿಗೆ ಹೋದಾಗ, ನನ್ನ ಗುರುತೇ ಇಲ್ಲದ ಒಂದು ಹೋಟೆಲಿನಲ್ಲೂ ಎರಡು ಪ್ಲೇಟು. ನಾನು ನನ್ನ ಪಾಲು ತಿನ್ನುತ್ತಿದ್ದೆ. ಎದುರಿನ ಅನ್ನ ಹಾಗೇ ಇರುತ್ತಿತ್ತು. ಎದ್ದು ಹೊರಡುವಾಗ ಬೆನ್ನ ಹಿಂದೆ ಕುರ್ಚಿ ಸರಿದ ಸದ್ದು. ಹೆದರಿಕೆಯಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೂ ಹೋಗುವುದನ್ನು ಬಿಡಲಾಗಲಿಲ್ಲ. ಹಸಿದವಳು ಎದುರು ಕೂತಿದ್ದಾಳೆ, ಬಡಿಸಿದ್ದನ್ನು ಮುಟ್ಟುತ್ತಿಲ್ಲ. ಇದಕ್ಕಿಂತ ಹೆಚ್ಚು ನನಗೆ ಏನೂ ತಿಳಿಯುತ್ತಿರಲಿಲ್ಲ.

ವರ್ಷ ತುಂಬಲು ಹತ್ತು ದಿನವಿದ್ದಾಗ ಗಿರಿಜಾ ಆಂಟಿ ಫೋನ್ ಮಾಡಿದರು. ಹಿಂದೆ ದೋಸೆ ಕಾವಲಿಯ ಚುಂಯ್ ಸದ್ದು.

"ವರ್ಷಾಂತಿಕಕ್ಕೂ ಆ ಫ್ರೈಡ್ ರೈಸೇ ತರಿಸ್ಲಾ ಮಗಾ? ಭಟ್ರು ಕೇಳ್ತಿದ್ರು."

ಮತ್ತೆ ಅದೇ ಎಲೆ, ಅದೇ ಕಾಗೆ. ಮೆನುವಿನ ಮೇಲೆ ಓಡುತ್ತಿದ್ದ ಅವಳ ಬೆರಳು ನೆನಪಾಯಿತು.

"ಬೇಡ ಆಂಟಿ. ನಾನು ತಪ್ಪು ಹೇಳಿದ್ದೆ. ಅದು ನಂಗಿಷ್ಟ. ಅವಳಿಗೆ ಎಂತ ಇಷ್ಟ ಅಂತ ನಾನು ಒಂದು ದಿನವೂ ಕೇಳ್ಲಿಲ್ಲ."

ಯಾರಿಗೋ "ದೋ ಮಸಾಲಾ, ಏಕ್ ಸಾದಾ" ಎಂದು ಕೂಗಿ ಹೇಳಿ ಆಂಟಿ ಮತ್ತೆ ಫೋನಿಗೆ ಬಂದರು. ಧ್ವನಿ ಬದಲಾಗಿತ್ತು.

"ನಂಗೆ ಹೇಳ್ತಿದ್ಲು. ಹಸಿರು ಬಣ್ಣದ ಗಸಿ ಉಂಟಂತೆ ಅಲ್ಲಿ, ತೆಂಗಿನ ಹಾಲು ಹಾಕಿದ್ದು. ಪಕ್ಕದ ಟೇಬಲಿಗೆ ಬರುವಾಗ ಪರಿಮಳ ಬರ್ತದಮ್ಮಾ ಅಂತ. ಖಾರವಂತೆ. ಮೇದಿನಿಗೆ ಖಾರ ಆಗೂದಿಲ್ಲ, ಅವಳು ನೋಡ್ತಾ ಕೂರುವಾಗ ನಾನು ಹೇಗೆ ತಿನ್ನೂದು ಅಂತಿದ್ಲು."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ ನೀವು?"

"ಕಡೆಗೆ ತಿಂದಿರ್ಬೇಕು, ಇಷ್ಟ ಆಗಿರ್ಲಿಕ್ಕಿಲ್ಲ ಅಂದ್ಕೊಂಡೆ. ಎರಡು ವರ್ಷ ಒಟ್ಟಿಗಿದ್ದವಳು ನೀನು. ನಿನ್ನ ಮಾತಿನ ಮೇಲೆ ನಂದೆಂತ ಮಾತು?"

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ಭಾನುವಾರ ಮೆನು ತೆರೆಯದೆಯೇ ಗ್ರೀನ್ ಕರಿ ಮತ್ತು ಬಿಳಿ ಅನ್ನ ಎಂದೆ. "ಎರಡು ಪ್ಲೇಟು."

ವಾಮನಣ್ಣ ಪೆನ್ನು ನಿಲ್ಲಿಸಿದರು. "ಖಾರ ಉಂಟು. ನಿಮಗೆ ಆಗ್ಲಿಕ್ಕಿಲ್ಲ."

"ನಂಗಲ್ಲ."

ಮೂಲೆಯ ನಮ್ಮ ಟೇಬಲಿನಲ್ಲಿ ಎದುರಿನ ಪ್ಲೇಟಿಗೆ ಮೊದಲು ಬಡಿಸಿದೆ. ಅನ್ನದ ಮೇಲೆ ಹಸಿರು ಮೆಲ್ಲಗೆ ಹರಡಿತು. ತುಳಸಿಯಂಥದ್ದೇ ಬೇರೊಂದು ಎಲೆಯ ಘಮ. ನಮ್ಮ ಕಡೆ ಸತ್ತವರಿಗೆ ಬಡಿಸಿದ ಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲುತ್ತಾರೆ. ಬದುಕಿರುವವರು ನೋಡುತ್ತಿದ್ದರೆ ಅವರಿಗೆ ಸಂಕೋಚ. ನಾನು ಎದ್ದು ಗಾಜಿನ ಬಾಗಿಲು ತಳ್ಳಿಕೊಂಡು ಫುಟ್‌ಪಾತಿಗೆ ಬಂದು, ಹೋಟೆಲಿಗೆ ಬೆನ್ನು ಹಾಕಿ ನಿಂತೆ. ಸುಡುವ ಬಿಸಿಲು. ರಿಕ್ಷಾಗಳು ಹಾರ್ನ್ ಹೊಡೆಯುತ್ತಿದ್ದವು.

ಹಿಂದೆಯೇ ವಾಮನಣ್ಣ ಓಡಿ ಬಂದರು. "ಎಂತ ಆಯ್ತು? ಎಲ್ಲ ತಣ್ಣಗಾಗ್ತದೆ, ಬನ್ನಿ."

"ಸ್ವಲ್ಪ ಇರಿ ವಾಮನಣ್ಣ. ಅವಳು ನಿಧಾನ ತಿಂತಾಳೆ."

ಅವರು ಬಾಗಿಲ ಕಡೆ ತಿರುಗಲು ಹೋಗಿ ಅರ್ಧಕ್ಕೇ ನಿಂತರು. ಹೆಗಲ ಮೇಲಿದ್ದ ಬಟ್ಟೆ ತೆಗೆದು ಕೈಯಲ್ಲಿ ಮಡಚಿ ಹಿಡಿದುಕೊಂಡು, ನನ್ನ ಪಕ್ಕದಲ್ಲಿ ರಸ್ತೆಗೆ ಮುಖ ಮಾಡಿ ನಿಂತರು.

ಆರು ಜನರ ಒಂದು ಸಂಸಾರ ಕಾರಿನಿಂದ ಇಳಿಯಿತು. ಮುಂದಿದ್ದ ಹೆಂಗಸು ಗಾಜಿನೊಳಗೆ ಇಣುಕಿ, "ವೋ ಕೋನೇವಾಲಾ ಟೇಬಲ್ ಖಾಲಿ ಹೈ ನಾ?" ಎಂದಳು.

"ನಹೀ ಬೆಹನ್," ಎಂದರು ವಾಮನಣ್ಣ, ತಿರುಗಿ ನೋಡದೆ. "ಉಧರ್ ಖಾನಾ ಚಲ್ ರಹಾ ಹೈ."