ಬೀದಿಯುದ್ದದ ಹಾಸು

ಎಲ್ಲರೂ ಹಳ್ಳಿಯಿಂದ ಪಟ್ಟಣಕ್ಕೆ ಕೆಲಸಕ್ಕೆ ಬರುತ್ತಾರೆ. ನನ್ನ ಗಂಡ ಸಾಯಿಪ್ರಸಾದ್ ಮಾತ್ರ ದಿನಾ ಪಟ್ಟಣದಿಂದ ಹಳ್ಳಿಗೆ ಕೆಲಸಕ್ಕೆ ಹೋಗುತ್ತಾರೆ. ಇದನ್ನು ಕೇಳಿ ನಮ್ಮ ಆಸ್ಪತ್ರೆಯವರು ಬಿದ್ದು ಬಿದ್ದು ನಗುತ್ತಾರೆ. ನಗಲಿ, ಅವರಪ್ಪನ ಗಂಟೇನು ಹೋಯಿತು!

ನಾನು ಪಾಲಮೂರಿನಲ್ಲಿ ನರ್ಸ್. ನಮ್ಮದು ಮರಿಕಲ್ ದಾಟಿದ ಮೇಲೆ, ನಾರಾಯಣಪೇಟೆ ಕಡೆ ಸಿಗುವ ನೇಕಾರರ ಹಳ್ಳಿ. ಮದುವೆಯಾದಾಗಿನಿಂದ ದಿನಾ ಬಸ್ಸು, ದಿನಾ ಕುಲುಕಾಟ. ಮನೆ ಸೇರುವ ಹೊತ್ತಿಗೆ ಸೊಂಟ ನನ್ನದೇ ಅಲ್ಲ ಅನ್ನಿಸುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಂದು ದಿನ ತಲೆ ಕೆಟ್ಟು, "ಇನ್ನ ನನ್ನ ಕೈಲಿ ಆಗಂಗಿಲ್ರೀ. ಪಾಲಮೂರಿನಾಗ ಮನಿ ಮಾಡ್ರಿ," ಎಂದು ಕೈಯಲ್ಲಿದ್ದ ಪಾತ್ರೆ ಕುಕ್ಕಿದೆ. ಅವರು ಎದುರು ಮಾತಾಡದೆ ಮನೆ ಮಾಡಿದರು. ಆದರೆ ಇವರು ನೇಯುವ ಮಗ್ಗ? ಅದು ನೆಲ ಅಗೆದು ಕೂರಿಸಿದ ಕುಣಿಮಗ್ಗ. ಮೇಲಂತಸ್ತಿನ ಬಾಡಿಗೆ ಮನೆಯಲ್ಲಿ ಎಲ್ಲಿ ಅಗೆಯುವುದು? ಮಗ್ಗ ಹಳ್ಳಿಯಲ್ಲೇ ಉಳಿಯಿತು, ಇವರು ಓಡಾಡತೊಡಗಿದರು.

ನಾವು ಸಾಮಾನು ಕಟ್ಟಿದ ದಿನ ಪಕ್ಕದ ಮನೆಯ ಶಂಕರಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಬಾಯಿ ಬಿಟ್ಟರೆ ಬೈಗುಳವೇ ಬರುವ ಹೆಂಗಸು.

"ಹೋಗ್ರಿ, ಹೋಗ್ರಿ. ಬೀದಿ ಬಿಟ್ಟವ್ರ ಹಾಸು ಯಾರು ತೀಡ್ತಾರ, ನಾನೂ ನೋಡ್ತೀನಿ," ಎಂದಳು.

ಆ ಮಾತಿಗೆ ಇವರ ಮುಖ ಬಿಳಿಚಿಕೊಂಡಿತು. ಯಾಕೆಂದರೆ ಸೀರೆ ನೇಯುವ ಮುಂಚೆ ಹಾಸಿಗೆ, ಅಂದರೆ ಮಗ್ಗಕ್ಕೆ ಉದ್ದುದ್ದ ಹೂಡುವ ನೂಲಿಗೆ, ಗಂಜಿ ಹಾಕಬೇಕು. ಬೆಳಗಿನ ತಂಪಿನಲ್ಲಿ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಅದು ಒಣಗುವವರೆಗೆ ದೊಡ್ಡ ಕುಂಚಗಳಿಂದ ಬಿಡದೆ ತೀಡಬೇಕು. ನಿಲ್ಲಿಸಿದರೆ ಎಳೆಗೆ ಎಳೆ ಅಂಟಿ ಇಡೀ ಹಾಸು ಹಾಳು. ಒಂದು ಮನೆಯವರಿಂದ ಆಗುವ ಕೆಲಸವಲ್ಲ ಅದು, ಬೀದಿಯವರೇ ಬಂದು ಕೈಜೋಡಿಸುತ್ತಾರೆ. ಅದೂ ಬೀದಿಯವರಿಗೆ ಮಾತ್ರ.

ಪಾಲಮೂರಿಗೆ ಬಂದ ಮೇಲೆ ಮೊದಲ ಸಲ ಗಂಜಿ ಹಾಕುವ ದಿನ ಹತ್ತಿರ ಬಂತು. ಇವರು ಯಾರನ್ನೂ ಕೇಳಲಿಲ್ಲ. ಕೇಳಲು ಮುಖವಿಲ್ಲ ಎಂದರು. ಹಳ್ಳಿಯಲ್ಲೇ ಇರುವ ತಮ್ಮ ದೊಡ್ಡಪ್ಪ ಭೀಮಯ್ಯನಿಗಷ್ಟೇ ಫೋನ್ ಮಾಡಿ, ಬೆಳಕು ಹರಿಯುತ್ತಲೇ ನೂಲು ಕಟ್ಟಿ, ನಾವು ಮುಟ್ಟುವ ಹೊತ್ತಿಗೆ ಗಂಜಿ ಬಳಿದಿರಲು ಹೇಳಿದರು. ಆದದ್ದಾಗಲಿ ಎಂದು ಮೊದಲ ಬಸ್ಸಿಗೆ ನಾವಿಬ್ಬರೇ ಬಂದು ತೀಡುವುದೆಂದಾಯಿತು. ನಾನು ರಜೆ ಹಾಕಿದೆ.

"ಈ ಹಾಸು ಕೆಟ್ರ ಮಗ್ಗ ಬಿಚ್ಚಿಬಿಡ್ತೀನಿ ರಜಿನಿ," ಎಂದರು ಬಸ್ಸು ಹತ್ತುವಾಗ. "ಪಾಲಮೂರಿನಾಗ ಬಟ್ಟಿ ಅಂಗಡಿಯವ್ರು ಕೆಲಸಕ್ಕ ಕರೀತಾ ಅದಾರ."

ಅದೇ ಅಂಗಡಿಗೆ ಸೇರಿಕೊಳ್ಳಿ ಎಂದು ನಾನೇ ಎಷ್ಟು ಸಲ ಗೊಣಗಿದ್ದೆ! ಈಗ ಅವರ ಬಾಯಲ್ಲಿ ಕೇಳಿದಾಗ ಮಾತ್ರ ಬೇಡವೆನಿಸಿತು. ಮಗ್ಗದಲ್ಲಿ ಕೂತಾಗಿನ ಆ ಮುಖವನ್ನು ಅಂಗಡಿಯ ಗಲ್ಲಾದ ಮುಂದೆ ನಿಲ್ಲಿಸಿ ನೋಡಲು ನನ್ನಿಂದ ಆಗಲಿಲ್ಲ.

ದೇವರಕದ್ರ ದಾಟಿ ಸ್ವಲ್ಪ ದೂರಕ್ಕೆ ಬಸ್ಸಿನ ಟೈರು ಢಮ್ ಎಂದಿತು. ಎಲ್ಲರೂ ಇಳಿದೆವು. ಆಗಲೇ ಭೀಮಯ್ಯ ಮಾವನ ಫೋನು ಬಂತು.

"ಗಂಜಿ ಬಳದೀನಪಾ. ಎಲ್ಲಿದ್ದೀರಿ?"

ಇವರು ವಿಷಯ ಹೇಳಿದರು. ಆ ಕಡೆ "ಅಯ್ಯೋ ಶಿವನೇ" ಎಂದದ್ದು ನನಗೂ ಕೇಳಿಸಿತು. ಆಮೇಲೆ ಎಷ್ಟು ಸಲ ಮಾಡಿದರೂ ಮಾವ ಫೋನು ಎತ್ತಲಿಲ್ಲ. ಅವರಿಗೆ ಕಣ್ಣೂ ಸರಿಯಾಗಿ ಕಾಣದು, ಒಬ್ಬರೇ ಅಷ್ಟುದ್ದ ಹಾಸನ್ನು ಏನು ಮಾಡಿಯಾರು? ನಾನು ಕಂಡಕ್ಟರಿಗೆ ಬಾಯಿಗೆ ಬಂದಂತೆ ಬೈದೆ. ಪಾಪ, ಅವನೇನು ಟೈರು ಕಚ್ಚಿದ್ದನೇ! ಇವರು ಮಾತ್ರ ಮೋರಿಯ ಕಟ್ಟೆಯ ಮೇಲೆ ಕೂತು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ಕೊನೆಗೆ ಟೊಮೆಟೊ ಬುಟ್ಟಿ ಇಳಿಸಿ ವಾಪಸು ಹೊರಟಿದ್ದ ಆಟೊ ಒಂದು ಸಿಕ್ಕಿತು. ಊರು ಮುಟ್ಟುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. "ಹೋತು ಬಿಡು," ಎಂದರು ಇವರು. ಆಟೊ ಇಳಿದು ಗುಡಿಯ ಮೂಲೆ ತಿರುಗಿದೆವು.

ಅಬ್ಬಾ!

ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಮ್ಮ ಹಾಸು ನಿಂತಿತ್ತು. ನವಿಲುಬಣ್ಣದ ನೂಲು, ನಡುವೆ ಒಂದು ಎಳೆಯೂ ಇನ್ನೊಂದಕ್ಕೆ ತಾಗದ ಹಾಗೆ ಬಿಡಿಬಿಡಿಯಾಗಿ. ಬಿಸಿಲು ಅದರೊಳಗಿನಿಂದ ಹಾದು ನೆಲದ ಮೇಲೆ ಸಣ್ಣ ಸಣ್ಣ ಗೆರೆಗಳಾಗಿ ಬಿದ್ದಿತ್ತು. ಎರಡೂ ಕಡೆ ಜನ. ಗಂಡಸರು, ಹೆಂಗಸರು, ಎಲ್ಲರ ಕುಂಚಗಳೂ ಒಂದೇ ದಿಕ್ಕಿಗೆ ಹೋಗುತ್ತಿದ್ದವು, ಒಟ್ಟಿಗೆ ತಿರುಗುತ್ತಿದ್ದವು. ಮಾತಿಲ್ಲ. ಸರ್ ಸರ್ ಎಂಬ ಸದ್ದಷ್ಟೇ. ಇಷ್ಟು ವರ್ಷ ಈ ಬೀದಿಯಲ್ಲಿದ್ದೂ ಇದನ್ನು ನಿಂತು ನೋಡಿರಲಿಲ್ಲ. ಬೇರೆಯವರ ಹಾಸು ಕಂಡಾಗೆಲ್ಲ ಬದಿಯಿಂದ ನುಸುಳಿ ಬಸ್ಸಿಗೆ ಓಡಿದವಳು ನಾನು.

ಬೇವಿನ ಮರದ ಕೊಂಬೆಗೆ ಊಟದ ಚೀಲಗಳು ನೇತಾಡುತ್ತಿದ್ದವು. ನಾರಾಯಣಪೇಟೆಗೆ, ಮಖ್ತಲ್‌ಗೆ ದಿನಾ ಕೆಲಸಕ್ಕೆ ಹೋಗುವವರ ಚೀಲಗಳು. ಭೀಮಯ್ಯ ಮಾವ ಬೀದಿಯಲ್ಲಿ ನಿಂತು ಒಂದು ಕೂಗು ಹಾಕಿದ್ದರಂತೆ. ಬಸ್ಸಿಗೆ ಹೊರಟವರು ಹೊರಟಲ್ಲಿಂದಲೇ ತಿರುಗಿದ್ದರು. ಬಸ್ಸು ತಪ್ಪಿದರೆ ದಿನ ಹೇಗೆ ಹಾಳಾಗುತ್ತದೆಂದು ನನಗಿಂತ ಯಾರಿಗೆ ಚೆನ್ನಾಗಿ ಗೊತ್ತು?

ಇವರು ಹೋಗಿ ಬೆರಳ ಹಿಂಬದಿಯಿಂದ ನೂಲು ಮುಟ್ಟಿದರು. ಅಲ್ಲಿಷ್ಟು, ಇಲ್ಲಿಷ್ಟು ಮುಟ್ಟುತ್ತ ನಡೆದರು. "ಕೆಟ್ಟಿಲ್ಲ," ಎಂದರು, ಮತ್ತೆ "ಕೆಟ್ಟಿಲ್ಲ," ಎಂದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಏನ್ ಬಾಯಿ ತಕ್ಕೊಂಡು ನಿಂತಿ?" ಶಂಕರಮ್ಮನ ದನಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕೈವರೆಗೆ ಗಂಜಿ ಮಾಡಿಕೊಂಡು ನಿಂತಿದ್ದಳು. "ನನ್ನ ತೋಳು ಬಿದ್ದು ಹೋದ್ವು. ಹಿಡಿ ಇದನ್ನ." ಕುಂಚವನ್ನು ನನ್ನ ಕೈಗೆ ತುರುಕಿದಳು.

"ಅತ್ತಿ, ನೀವ ಅಂದಿದ್ರಲ್ಲ, ಬೀದಿ ಬಿಟ್ಟವ್ರ..."

"ಅಂದೀನಿ. ಸಿಟ್ಟು ಬಂದಿತ್ತು, ಅಂದೆ. ಸಿಟ್ಟು ನಿನಗೊಬ್ಬಾಕಿಗೇ ಬರ್ತದೇನು?"

ಸುತ್ತಲಿನವರು ನಕ್ಕರು. ನಾನು ಕುಂಚ ಹಿಡಿದು ಅವರ ಸಾಲಿಗೆ ಸೇರಿದೆ. ನನ್ನ ಕೈ ಅಡ್ಡಾದಿಡ್ಡಿ ಓಡಿತು. ಶಂಕರಮ್ಮ ನನ್ನ ಮಣಿಕಟ್ಟು ಹಿಡಿದು ಎರಡು ಸಲ ಎಳೆದು ತೋರಿಸಿ, ಕಿವಿಯ ಹತ್ತಿರ ಬಗ್ಗಿದಳು.

"ಬರೋ ಸೋಮವಾರ ನಮ್ಮ ಹಾಸು ಐತಿ. ಮನಿ ಎಲ್ಲ್ಯಾರ ಮಾಡ್ಕೋ, ಹೊತ್ತಿಗೆ ಸರಿಯಾಗಿ ಇಲ್ಲಿರಬೇಕು. ಡ್ಯೂಟಿ ಗೀಟಿ ಅಂದ್ರ ನೋಡು!"

"ಬರ್ತೀನತ್ತಿ," ಎಂದೆ. ಕುಂಚಗಳ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಇನ್ನೊಮ್ಮೆ, ಇಡೀ ಬೀದಿಗೆ ಕೇಳುವಂತೆ ಹೇಳಿದೆ.